ನೋಂದಣಿಯ ದಿನಕ್ಕೆ ಸರಿಯಾಗಿದ್ದ ಪತ್ರ

ಮೈಸೂರಿನಲ್ಲಿ ಕುಟುಂಬದ ಆಸ್ತಿ ವ್ಯವಹಾರಗಳನ್ನೇ ಹೆಚ್ಚಾಗಿ ನೋಡಿಕೊಂಡು ಬಂದಿರುವ ವಕೀಲ ನಾನು. ಉಯಿಲು, ವಿಭಾಗಪತ್ರ, ಟ್ರಸ್ಟ್ ಪತ್ರಗಳನ್ನು ತಪ್ಪಿಲ್ಲದೆ ಬರೆದು ನೋಂದಣಿ ಮಾಡಿಸಿಕೊಟ್ಟರೆ ನನ್ನ ಹೊಣೆ ತೀರಿತು ಎಂದು ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತೋರಿಸಿದ್ದು ನಾನೇ ಬರೆದ ಒಂದು ಪತ್ರ.

2007ರಲ್ಲಿ ನಿವೃತ್ತ ಅಧಿಕಾರಿಯೊಬ್ಬರು, ಬುದ್ಧಿ ಬೆಳವಣಿಗೆ ಕುಂಠಿತವಾಗಿದ್ದ ತಮ್ಮ ಮಗಳ ಜೀವನಕ್ಕಾಗಿ ಖಾಸಗಿ ಟ್ರಸ್ಟ್ ಮಾಡಿಸಿದರು. ಸ್ವತ್ತನ್ನು ಒಬ್ಬರ ಹಿತಕ್ಕಾಗಿಯೇ ನೋಡಿಕೊಳ್ಳಲು ಕೆಲವರ ಕೈಗೆ ಒಪ್ಪಿಸುವ ಏರ್ಪಾಡು ಅದು, ಆ ಕೆಲವರೇ ಟ್ರಸ್ಟಿಗಳು. ಬಾಡಿಗೆ ಬರುವ ಒಂದು ಮನೆಯನ್ನೂ ಠೇವಣಿಯನ್ನೂ ಅದಕ್ಕೆ ಸೇರಿಸಿ, ತಾವು, ತಮ್ಮ ಮಗ ಮತ್ತು ಭಾವಮೈದುನ ಟ್ರಸ್ಟಿಗಳಾಗಿರಬೇಕೆಂದೂ, ಬ್ಯಾಂಕಿನ ವ್ಯವಹಾರಕ್ಕೆ ಇಬ್ಬರ ಸಹಿ ಇರಬೇಕೆಂದೂ ಬರೆಸಿದರು. ಒಬ್ಬರ ಕೈಗೇ ಹಣ ಸಿಗಬಾರದೆಂಬ ಅವರ ಎಚ್ಚರಿಕೆ ಸರಿಯಾಗಿಯೇ ಇತ್ತು.

ಆಮೇಲೆ 2012ರಲ್ಲಿ ಮಗ ಅಮೆರಿಕದಲ್ಲಿ ನೆಲೆಸಿದ. 2014ರಲ್ಲಿ ತಂದೆ ಇನ್ನೊಂದು ಮನೆ ಕೊಂಡು, ಮಗಳಿಗಾಗಿಯೇ ಎಂದು ಎಲ್ಲರ ಬಳಿ ಹೇಳಿದರೂ ಕ್ರಯಪತ್ರವನ್ನು ತಮ್ಮ ಹೆಸರಿಗೇ ಮಾಡಿಸಿಕೊಂಡರು. 2016ರಲ್ಲಿ ಭಾವಮೈದುನ ತೀರಿಕೊಂಡರು. ಈ ಮೂರರಲ್ಲಿ ಒಂದೊಂದೂ ಟ್ರಸ್ಟಿನ ಬುಡವನ್ನೇ ಅಲ್ಲಾಡಿಸುವ ಸಂಗತಿಯಾಗಿತ್ತು, ಆದರೆ ಅವರು ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. 2021ರಲ್ಲಿ ತಂದೆಯೂ ಹೋದಾಗ, ಎರಡು ಸಹಿ ಬೇಕಿದ್ದ ಖಾತೆಗೆ ಉಳಿದದ್ದು ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರವಿದ್ದ ಒಬ್ಬನ ಸಹಿ ಮಾತ್ರ.

ತಾಯಿ ನನ್ನ ಕಚೇರಿಗೆ ಬಂದು, “ನಮ್ಮ ಯಜಮಾನರು ಎಲ್ಲವನ್ನೂ ನಿಮ್ಮ ಕೈಯಲ್ಲೇ ಬರೆಸಿ ಇಟ್ಟು ಹೋಗಿದ್ದಾರಲ್ಲ, ಈಗ ಬ್ಯಾಂಕಿನವರು ಯಾಕೆ ಆಗುವುದಿಲ್ಲ ಅನ್ನುತ್ತಾರೆ?” ಎಂದು ಕೇಳಿದರು. ಮಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಸಂಬಳ ಕೊಡಲು ಅವರು ಆಗಲೇ ಬಳೆ ಅಡವಿಟ್ಟಿದ್ದರು. ನನ್ನ ಪತ್ರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ತೊಂದರೆ ಇದ್ದದ್ದೂ ಅಲ್ಲೇ.

1882ರ ಭಾರತೀಯ ಟ್ರಸ್ಟ್ ಕಾಯ್ದೆಯ 73ನೇ ಕಲಮಿನ ಪ್ರಕಾರ, ಟ್ರಸ್ಟಿ ಸತ್ತರೆ ಮಾತ್ರವಲ್ಲ, ಸತತವಾಗಿ ಆರು ತಿಂಗಳು ಭಾರತದಿಂದ ಹೊರಗಿದ್ದರೆ ಅಥವಾ ನೆಲೆಸಲೆಂದೇ ಹೊರದೇಶಕ್ಕೆ ಹೋದರೆ ಅವರ ಬದಲು ಬೇರೆಯವರನ್ನು ನೇಮಿಸಬಹುದು. ಮಕ್ಕಳು ಹೊರದೇಶದಲ್ಲಿರುವ ನಮ್ಮ ಎಷ್ಟೋ ಮನೆಗಳಿಗೆ ಈ ಮಾತು ನೇರವಾಗಿ ತಾಗುತ್ತದೆ, ಆದರೂ ಇದನ್ನು ಬಲ್ಲ ಕಕ್ಷಿದಾರರನ್ನು ನಾನು ಕಂಡಿಲ್ಲ. ಎರಡು ಸಹಿಯ ನಿಯಮವನ್ನೇ ಸಡಿಲಿಸೋಣವೆಂದರೆ 11ನೇ ಕಲಮು ಅಡ್ಡ ಬಂತು. ಟ್ರಸ್ಟಿನ ಷರತ್ತು ಬದಲಿಸಲು ಫಲಾನುಭವಿಯ, ಅಂದರೆ ಇಲ್ಲಿ ಮಗಳ, ಒಪ್ಪಿಗೆ ಬೇಕು, ಫಲಾನುಭವಿಗೆ ಕರಾರು ಮಾಡಿಕೊಳ್ಳುವ ಸಾಮರ್ಥ್ಯವಿಲ್ಲದಿದ್ದರೆ ಆ ಒಪ್ಪಿಗೆಯನ್ನು ಸಿವಿಲ್ ನ್ಯಾಯಾಲಯವೇ ಕೊಡಬೇಕು. ಹೊಸ ಟ್ರಸ್ಟಿಗಳನ್ನು ಯಾರು ನೇಮಿಸಬೇಕೆಂದು ನಾನು ಪತ್ರದಲ್ಲಿ ಬರೆದಿರದ ಕಾರಣ, ಉಳಿದಿದ್ದ ಒಬ್ಬನೇ ಟ್ರಸ್ಟಿಯಾದ ಮಗ ರಜೆ ಹಾಕಿ ಬಂದು, ಊರಿನಲ್ಲೇ ಇರುವ ಇಬ್ಬರನ್ನು ನೇಮಿಸುವ ಪತ್ರ ಮಾಡಿಕೊಡುವವರೆಗೆ ಎರಡು ತಿಂಗಳು ಕಳೆಯಿತು.

ಎರಡನೆಯ ಮನೆಯ ವಿಷಯವನ್ನು ಅಷ್ಟರಮಟ್ಟಿಗೂ ಸರಿಪಡಿಸಲಾಗಲಿಲ್ಲ. ಟ್ರಸ್ಟ್‌ಗೆ ಸೇರದೆ, ಉಯಿಲೂ ಇಲ್ಲದೆ ಉಳಿದಿದ್ದ ಅದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳಿಗೆ ಸಮಪಾಲಾಯಿತು. ಮಗಳ ಪಾಲು ಟ್ರಸ್ಟಿನ ರಕ್ಷಣೆಯಿಲ್ಲದೆ ಅವಳ ಸ್ವಂತ ಹೆಸರಿಗೇ ಬಂದದ್ದರಿಂದ, ಇಂಥ ಅಂಗವೈಕಲ್ಯವಿರುವವರ ಹಿತಕ್ಕಾಗಿ ಇರುವ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬೇಕಾಯಿತು. ‘ನನ್ನ ಹೆಸರಿನಲ್ಲಿ ಉಳಿಯುವ ಸ್ವತ್ತೆಲ್ಲ ಈ ಟ್ರಸ್ಟ್‌ಗೆ ಸೇರಬೇಕು’ ಎಂಬ ಒಂದು ಉಯಿಲಿದ್ದರೆ ಇದಾವುದೂ ಬೇಕಿರಲಿಲ್ಲ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿಯಾದರೆ ಸಾಕು. ಅದನ್ನು 2007ರಲ್ಲೇ ಬರೆಸಿಡದಿದ್ದದ್ದು ನನ್ನ ಲೋಪ, ಮತ್ತು ಅದು ನನ್ನನ್ನು ಈಗಲೂ ಕಾಡುತ್ತದೆ.

ಈಗ ನಾನು ಬರೆಯುವ ಪ್ರತಿ ಟ್ರಸ್ಟ್ ಪತ್ರದಲ್ಲೂ ಟ್ರಸ್ಟಿಗಳನ್ನು ನೇಮಿಸುವ ಅಧಿಕಾರ ಯಾರದು, ಅವರ ನಂತರ ಯಾರದು ಎಂದು ಹೆಸರು ಹಿಡಿದು ಬರೆಯುತ್ತೇನೆ. ಯುಗಾದಿ ಕಳೆದ ಮೇಲೆ ಹಳೆಯ ಕಕ್ಷಿದಾರರಿಗೆಲ್ಲ ನಾನೇ ಫೋನು ಮಾಡಿ, ಮನೆಯಲ್ಲಿ ಯಾರು ಹೋದರು, ಯಾರು ಬಂದರು, ಏನು ಕೊಂಡಿರಿ, ಏನು ಮಾರಿದಿರಿ ಎಂದು ವಿಚಾರಿಸುತ್ತೇನೆ. ಬ್ಯಾಂಕಿನಲ್ಲಿ ನಾಮಿನಿ ಇದ್ದಾರೆ ಸಾಕು ಎನ್ನುವವರಿಗೆ, ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರೇ ಹೊರತು ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ.

ಹೀಗೆ ಕರೆದಾಗ ಒಮ್ಮೆ ಆ ತಾಯಿ ಬಂದು ಪತ್ರವನ್ನೆಲ್ಲ ಓದಿಸಿಕೊಂಡು, “ಹಣದ ಮಾತೇನೋ ಇದೆ, ನಾನಿಲ್ಲದಾಗ ಅವಳಿಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಅನ್ನುವುದು ಇದರಲ್ಲಿ ಎಲ್ಲಿದೆ?” ಎಂದರು. ಅದು ಎಲ್ಲಿಯೂ ಇರಲಿಲ್ಲ. ಅವರು ಹೇಳುತ್ತ ಹೋದಂತೆ ನಾನು ಬರೆದುಕೊಂಡೆ: ಮಾತ್ರೆಯ ಹೊತ್ತು, ಗುಡುಗಿಗೆ ಹೆದರುತ್ತಾಳೆಂಬುದು, ಅನ್ನವನ್ನು ಮೆತ್ತಗೆ ಕಲಸಿಕೊಡಬೇಕೆಂಬುದು. ಆ ನಾಲ್ಕು ಹಾಳೆಗಳು ಈಗ ಟ್ರಸ್ಟ್ ಪತ್ರದ ಜೊತೆಗೇ ಇವೆ, ಪ್ರತಿ ವರ್ಷ ಅವರು ಬಂದು ತಮ್ಮ ಕೈಯಾರೆ ಅವನ್ನು ತಿದ್ದಿ ಹೋಗುತ್ತಾರೆ.