ವರ್ದೋದ 91 ಕಿಟಕಿಗಳವರೆಗೆ

ನಾರ್ವೆಯಲ್ಲಿ 18 ರಸ್ತೆಗಳನ್ನು ರಾಷ್ಟ್ರೀಯ ಪ್ರವಾಸಿ ರಸ್ತೆಗಳೆಂದು ಗುರುತಿಸಿದ್ದಾರೆ. ಬೆಟ್ಟ, ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರದ ಕವಲು), ಕಡಲತೀರ ಎಲ್ಲವೂ ಈ ರಸ್ತೆಗಳ ಪಕ್ಕದಲ್ಲೇ ಸಿಗುತ್ತವೆ. ಅಲ್ಲಿನ ರಸ್ತೆ ಇಲಾಖೆ ಡಾಂಬರು ಹಾಕಿ ಸುಮ್ಮನಾಗಲಿಲ್ಲ. ನಿಂತು ನೋಡಲು ಕಟ್ಟೆ, ಕಾಲುಸೇತುವೆ, ಬೆಂಚು, ಕೊನೆಗೆ ಶೌಚಾಲಯವನ್ನೂ ಒಳ್ಳೊಳ್ಳೆಯ ವಾಸ್ತುಶಿಲ್ಪಿಗಳ ಕೈಗೆ ಕೊಟ್ಟು ಕಟ್ಟಿಸಿತು. ಫೋಟೋಗಳಲ್ಲಿ ಅವು ಶಿಲ್ಪಗಳ ಹಾಗೆ ಕಾಣುತ್ತವೆ. ಅವುಗಳ ಒಳಗೆ ನಿಂತಾಗ, ಕೂತಾಗ, ನಡೆದಾಗ ಏನಾಗುತ್ತದೆ ಎಂದು ನೋಡಬೇಕು ಅನ್ನಿಸಿತು. ಈ ಪ್ರವಾಸ ಹೊರಟಿದ್ದು ಅದಕ್ಕೇ.

ಮೊದಲು ಹೋಗಿದ್ದು ಔರ್ಲಾಂಡ್‌ನ ಸ್ಟೇಗಸ್ಟೈನ್‌ಗೆ. ಊರಿನಿಂದ ತಿರುವುಗಳ ಕಿರಿದಾದ ರಸ್ತೆ ಮೇಲೇರುತ್ತದೆ. ಫ್ಯೋರ್ಡ್‌ನಿಂದ 650 ಮೀಟರ್ ಎತ್ತರದಲ್ಲಿ, ಬೆಟ್ಟದ ಅಂಚಿನಿಂದ 30 ಮೀಟರ್ ಉದ್ದದ ಮರದ ಕಟ್ಟೆ ಗಾಳಿಯಲ್ಲಿ ಚಾಚಿಕೊಂಡಿದೆ. ಟಾಡ್ ಸಾಂಡರ್ಸ್ ಮತ್ತು ಟೊಮಿ ವಿಲ್ಹೆಲ್ಮ್‌ಸೆನ್ ಅವರ ಈ ಕೆಲಸ ಮುಗಿದದ್ದು 2006ರಲ್ಲಿ. ತುದಿಯಲ್ಲಿ ಎರಡೂ ಬದಿಯ ಮರ ಬಾಗಿ ಕೆಳಕ್ಕೆ ಇಳಿದುಬಿಡುತ್ತದೆ. ನಡುವೆ ಉಳಿಯುವುದು ಹೊರಕ್ಕೆ ವಾಲಿದ ಒಂದು ಗಾಜು. ಗಟ್ಟಿ ಕಟಕಟೆ ಇಲ್ಲದಿರುವುದರಿಂದ ಕೊನೆಯ ನಾಲ್ಕು ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ. ಅಲ್ಲಿ ಬಂದವರೆಲ್ಲರ ನಡಿಗೆಯೂ ಹೀಗೇ ಬದಲಾಗುವುದನ್ನು ಪಕ್ಕಕ್ಕೆ ನಿಂತು ನೋಡಿದೆ. ಜನ ಜಾಸ್ತಿ ಇದ್ದರು, ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ.

ಅಲ್ಲಿಂದ ದೊವ್ರೆ ಬೆಟ್ಟಸೀಮೆಗೆ. ಓಸ್ಲೋ ಮತ್ತು ಟ್ರೋಂಡ್‌ಹೈಮ್ ನಡುವಿನ ರೈಲುದಾರಿಯಲ್ಲಿ ಯೆರ್ಕಿನ್ ಎಂಬ ಪುಟ್ಟ ನಿಲ್ದಾಣ ಇದೆ. ಇಲ್ಲಿನ ಬಯಲು 1923ರಿಂದ 2008ರವರೆಗೆ ಸೈನ್ಯದ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಕೆಯಾಗುತ್ತಿತ್ತು. ಆಮೇಲೆ ಆ ಜಾಗವನ್ನು ಮತ್ತೆ ಪ್ರಕೃತಿಗೆ ಬಿಟ್ಟುಕೊಡುವ ಕೆಲಸ ನಡೆಯಿತು. ಕಾಡು ಹಿಮಸಾರಂಗಗಳು ಓಡಾಡುವ ನೆಲ ಇದು.

ವಾಹನ ನಿಲ್ಲಿಸಿ ಒಂದೂವರೆ ಕಿಲೋಮೀಟರ್ ನಡೆದರೆ ತುಕ್ಕು ಬಣ್ಣದ ಒಂದು ಉಕ್ಕಿನ ಪೆಟ್ಟಿಗೆ ಎದುರಾಗುತ್ತದೆ. ಇದು ಪ್ರವಾಸಿ ರಸ್ತೆ ಯೋಜನೆಗೆ ಸೇರಿದ್ದಲ್ಲ. ಕಾಡು ಹಿಮಸಾರಂಗ ಕೇಂದ್ರಕ್ಕಾಗಿ ಸ್ನೋಹೆಟ್ಟಾ ಎಂಬ ವಾಸ್ತುಶಿಲ್ಪ ಸಂಸ್ಥೆ 2011ರಲ್ಲಿ ಕಟ್ಟಿದ ಚಿಕ್ಕ ಮಂಟಪ. ಆ ಸಂಸ್ಥೆಗೆ ಹೆಸರು ಕೊಟ್ಟ 2286 ಮೀಟರ್ ಎತ್ತರದ ಸ್ನೋಹೆಟ್ಟಾ ಶಿಖರವೇ ಮಂಟಪದ ಗಾಜಿನಾಚೆ ಕಾಣುತ್ತದೆ.

ಹೊರಗೆ ನೇರ ಗೆರೆಗಳ ಉಕ್ಕು. ಒಳಗೆ ಪೈನ್ ಮರದ ದಪ್ಪ ತೊಲೆಗಳನ್ನು ಒಂದರ ಮೇಲೊಂದು ಪೇರಿಸಿ, ನೀರು ಮತ್ತು ಗಾಳಿ ಸವೆಸಿದ ಬಂಡೆಯಂತೆ ಕೊರೆದಿದ್ದಾರೆ. ಕಂಪ್ಯೂಟರಿನಲ್ಲಿ ಮಾಡಿದ ಮಾದರಿಯನ್ನು ಇಟ್ಟುಕೊಂಡು ಈ ಮರವನ್ನು ಕೊರೆದವರು ಹಾರ್ದಂಗರ್ ಫ್ಯೋರ್ಡ್‌ನ ಹಡಗು ಕಟ್ಟುವವರು. ತೊಲೆಗಳನ್ನು ಜೋಡಿಸಿರುವುದು ಮರದ ಗೂಟಗಳಿಂದಲೇ. ನಾನು ಕೈಯಿಂದ ಸವರಿ ನೋಡಿದೆ. ಒಂದು ತೊಲೆಯಿಂದ ಇನ್ನೊಂದಕ್ಕೆ ಅಲೆ ಎಲ್ಲೂ ತುಂಡಾಗುವುದಿಲ್ಲ. ಬೆನ್ನಿಗೆ ಒರಗು, ಕಾಲಿಗೆ ಮೆಟ್ಟಿಲು, ಮಲಗುವಷ್ಟು ಜಾಗ ಎಲ್ಲವೂ ಆ ಅಲೆಯೊಳಗೇ ಇದೆ. ಒಲೆ ಉರಿಯುತ್ತಿತ್ತು. ಎದುರಿಗೆ ಇಡೀ ಗೋಡೆಯಷ್ಟು ಗಾಜು, ಅದರಾಚೆ ಬಯಲು.

ಹಿಮಸಾರಂಗ ಕಾಣಲಿಲ್ಲ. ಅವು ಮನುಷ್ಯರ ಸುಳಿವು ಸಿಕ್ಕರೆ ದೂರ ಸರಿಯುವ ಪ್ರಾಣಿಗಳು. ಜನರನ್ನು ಬಯಲಿಗೆ ಬಿಡದೆ, ಒಂದೇ ಕಡೆ ಬೆಚ್ಚಗೆ ಕೂರಿಸಿ ದೂರದಿಂದ ನೋಡಲು ಬಿಡುವುದು ಅವುಗಳ ಪಾಲಿಗೂ ಒಳ್ಳೆಯದೇ ಅಲ್ವಾ? ಸ್ಟೇಗಸ್ಟೈನ್‌ಗಿಂತ ಈ ಮಂಟಪ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಕಟ್ಟಡ ನಮ್ಮನ್ನು ತುದಿಗೆ ತಂದು ನಿಲ್ಲಿಸುತ್ತದೆ, ನೋಡಿ ಹೊರಡುತ್ತೇವೆ. ಇಲ್ಲಿ ಕಾಯಲು ಕೂರಿಸುತ್ತದೆ. ಇಂಥ ಚಿಕ್ಕ ಕಟ್ಟಡಗಳ ಅಸಲಿ ಕೆಲಸ ಅವುಗಳ ಆಕಾರದಲ್ಲಿ ಮುಗಿಯುವುದಿಲ್ಲ ಎಂದು ನನಗೆ ಮನದಟ್ಟಾಗಿದ್ದು ಆ ಮರದ ಮೇಲೆ ಕೂತಾಗಲೇ. ನಾವು ಒಂದು ಜಾಗದಲ್ಲಿ ಹೇಗೆ ಇರಬೇಕು ಎನ್ನುವುದನ್ನು ಅವು ತೀರ್ಮಾನಿಸುತ್ತವೆ.

ಆಮೇಲೆ ವಿಮಾನದಲ್ಲಿ ಉತ್ತರದ ತುದಿಗೆ ಹೋಗಿ, ವಾರಂಗರ್ ಪ್ರವಾಸಿ ರಸ್ತೆ ಹಿಡಿದೆ. ಇಲ್ಲಿ ಮರಗಳು ಸಣ್ಣದಾಗುತ್ತಾ ಹೋಗಿ ಕೊನೆಗೆ ಇಲ್ಲವೇ ಇಲ್ಲ. ಒಂದು ಕಡೆ ಕಲ್ಲುಬಯಲು, ಇನ್ನೊಂದು ಕಡೆ ಸಮುದ್ರ. ಸಮುದ್ರದ ಅಡಿಯ ಸುರಂಗ ದಾಟಿದರೆ ವರ್ದೋ ದ್ವೀಪ.

17ನೇ ಶತಮಾನದಲ್ಲಿ ಈ ಸೀಮೆಯಲ್ಲಿ ಮಾಟಗಾರರೆಂಬ ಆರೋಪ ಹೊರಿಸಿ 91 ಜನರ ಪ್ರಾಣ ತೆಗೆದರು. ಹೆಚ್ಚಿನವರು ಹೆಂಗಸರು. ಬಿರುಗಾಳಿ ಎಬ್ಬಿಸಿ ದೋಣಿ ಮುಳುಗಿಸಿದರು ಎಂಬಂಥ ಆರೋಪಗಳು. ಕೈಕಾಲು ಕಟ್ಟಿ ಈ ತಣ್ಣನೆಯ ಸಮುದ್ರಕ್ಕೆ ಎಸೆಯುತ್ತಿದ್ದರು. ತೇಲಿದರೆ ತಪ್ಪಿತಸ್ಥರು. ಆ ಜನರ ನೆನಪಿಗೆ 2011ರಲ್ಲಿ ಸ್ಟೈಲ್‌ನೆಸೆಟ್ ಎಂಬ ಸ್ಮಾರಕ ಕಟ್ಟಿದರು. ವಾಸ್ತುಶಿಲ್ಪಿ ಪೀಟರ್ ಜುಮ್‌ಥೋರ್, ಶಿಲ್ಪಿ ಲೂಯೀಸ್ ಬೂರ್ಜ್ವಾ.

ದೂರದಿಂದ ನೋಡಿದಾಗ ಮರದ ಅಟ್ಟಣೆಗಳ ಒಂದು ಉದ್ದನೆಯ ಸಾಲು. ಈ ಕರಾವಳಿಯಲ್ಲಿ ಮೀನು ಒಣಗಿಸಲು ಕಟ್ಟುವ ಅಟ್ಟಣೆಗಳೂ ಹೀಗೇ ಇರುತ್ತವೆ. ಅದರೊಳಗೆ ದಪ್ಪ ಬಟ್ಟೆಯ ಕೊಳವೆಯೊಂದನ್ನು ಎಳೆದು ಕಟ್ಟಿದ್ದಾರೆ. ಬಾಗಿಲು ತೆರೆದು ಒಳಗೆ ಹೋದರೆ ಕತ್ತಲು. ನೂರು ಮೀಟರಿಗೂ ಉದ್ದವಾದ, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ದಾರಿ. ಎರಡೂ ಬದಿಗೆ, ಮೇಲೆ ಕೆಳಗೆ, ಯಾವ ಅಳತೆಗೂ ಸಿಗದಂತೆ ಪುಟ್ಟ ಕಿಟಕಿಗಳು. ಒಟ್ಟು 91. ಪ್ರತಿ ಕಿಟಕಿಗೂ ಒಂದು ಬಲ್ಬು, ಪಕ್ಕದಲ್ಲಿ ಒಬ್ಬರ ಹೆಸರು, ಅವರ ಮೇಲಿನ ಆರೋಪ, ತೀರ್ಪು. ಬರಹ ನ್ಯಾಯಾಲಯದ ಕಡತಗಳಿಂದ ತೆಗೆದದ್ದು.

ಗಾಳಿ ಬಡಿದಾಗ ಬಟ್ಟೆ ಕದಲುತ್ತಿತ್ತು, ಮರ ಕಿರುಗುಟ್ಟುತ್ತಿತ್ತು. ಕೆಲವು ಕಿಟಕಿಗಳಿಗೆ ಬಾಗಬೇಕು, ಕೆಲವಕ್ಕೆ ಕತ್ತೆತ್ತಬೇಕು. ಸಾಲಾಗಿ ಇಟ್ಟಿದ್ದರೆ ಕಣ್ಣು ಓಡಿಸಿ ಮುಂದೆ ಹೋಗಿಬಿಡಬಹುದಿತ್ತು. ಇಲ್ಲಿ ಹಾಗಾಗುವುದಿಲ್ಲ. ಪ್ರತಿ ಹೆಸರಿಗೂ ಮೈ ಬೇರೆ ರೀತಿ ಬಗ್ಗಬೇಕು, ಹೀಗಾಗಿ ಒಬ್ಬೊಬ್ಬರೂ ಬೇರೆ ಬೇರೆಯಾಗಿಯೇ ಉಳಿಯುತ್ತಾರೆ. ಕೊನೆಯವರೆಗೂ ಹೋಗಿ, ಮತ್ತೆ ಮೊದಲಿನಿಂದ ಬಂದೆ.

ಪಕ್ಕದಲ್ಲಿ ಕಪ್ಪು ಗಾಜಿನ ಚೌಕದ ಮನೆ. ನಡುವೆ ಒಂದು ಉಕ್ಕಿನ ಕುರ್ಚಿ, ಅದರಿಂದ ಏಳುವ ನಿಜವಾದ ಬೆಂಕಿ. ಸುತ್ತಲಿನ ದೊಡ್ಡ ಅಂಡಾಕಾರದ ಕನ್ನಡಿಗಳು ಆ ಬೆಂಕಿಯ ಮೇಲೆ ಬಾಗಿವೆ, ತೀರ್ಪು ಕೊಡಲು ಸೇರಿದವರ ಹಾಗೆ. 2010ರಲ್ಲಿ ತೀರಿಕೊಂಡ ಬೂರ್ಜ್ವಾ ಇದನ್ನು ಇಲ್ಲಿ ನೋಡಲಿಲ್ಲ. ನನ್ನನ್ನು ಹೆಚ್ಚು ಕಲಕಿದ್ದು ಬಟ್ಟೆಯ ದಾರಿಯೇ. ಆದರೂ ಆ ಬೆಂಕಿ ಅಲ್ಲಿ ಇರಲೇಬೇಕು. ಒಳಗೆ ಓದಿದ್ದೆಲ್ಲ ಬರೀ ಕಾಗದದ ಮೇಲೆ ನಡೆದದ್ದಲ್ಲ ಎಂದು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಮರಳುವಾಗ ಹಕ್ಕಿ ನೋಡುವವರಿಗಾಗಿ ಕಟ್ಟಿದ ಮರದ ಮರೆಗಳಲ್ಲಿ ಕೂತೆ. ಗಾಳಿಯನ್ನು ತಡೆಯುವ ಗೋಡೆ, ಒಂದು ಬೆಂಚು, ದುರ್ಬೀನು ಹಿಡಿಯಲು ಒಂದು ಕಂಡಿ, ಅಷ್ಟೇ. ಇವುಗಳನ್ನು ಬಯೋಟೋಪ್ ಎಂಬ ವರ್ದೋದ್ದೇ ವಾಸ್ತುಶಿಲ್ಪ ಸಂಸ್ಥೆ ರೂಪಿಸುತ್ತದೆ. ಇದ್ದಷ್ಟೂ ಚೊಕ್ಕವಾಗಿವೆ.

ಹೋಗುವವರಿಗೆ ಒಂದೆರಡು ಮಾತು. ಔರ್ಲಾಂಡ್‌ನಿಂದ ಸ್ಟೇಗಸ್ಟೈನ್‌ವರೆಗಿನ ರಸ್ತೆ ವರ್ಷವಿಡೀ ತೆರೆದಿರುತ್ತದೆ, ಅದರಾಚೆಯ ಬೆಟ್ಟದ ರಸ್ತೆ ಚಳಿಗಾಲದಲ್ಲಿ ಮುಚ್ಚುತ್ತದೆ. ಯೆರ್ಕಿನ್‌ನ ಮಂಟಪದ ಒಳಗೆ ಕೂರಬೇಕಾದರೆ ಬೇಸಿಗೆಯಲ್ಲೇ ಹೋಗಿ. ಸ್ಟೈಲ್‌ನೆಸೆಟ್‌ನ ಬರಹಗಳು ನಾರ್ವೇಜಿಯನ್ ಭಾಷೆಯಲ್ಲಿವೆ, ಇಂಗ್ಲಿಷ್ ಅನುವಾದದ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಒಳಗೆ ನಡೆಯಿರಿ. ಅಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ.