ಹಾರ್ನೆಟ್ ಹಡಗು: ಬಸ್ಸು ನಂಬಬೇಡಿ, ಸ್ವಯಂಸೇವಕರು ಕೆಲಸ ಮಾಡುವ ದಿನ ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮನೆಗೆ ಹೋದವರು ಅಲಮೇಡಾದಲ್ಲಿ ಈಗ ಮ್ಯೂಸಿಯಂ ಆಗಿರುವ ಹಳೆಯ ವಿಮಾನವಾಹಕ ಯುದ್ಧನೌಕೆ ಹಾರ್ನೆಟ್ ನೋಡಬೇಕು ಅಂದರೆ, ಅದಕ್ಕಾಗಿ ಹಿಂದಿನ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಮ್ ಮಾಡಬೇಡಿ. ನಾವು ಮಾಡಿದೆವು. ಅಳಿಯ ಬುಕ್ ಮಾಡುವಾಗ 149 ಡಾಲರ್ ಅಂತ ತೋರಿಸಿತ್ತು. ಬೆಳಿಗ್ಗೆ ಬಿಲ್ಲಿನಲ್ಲಿ 212 ಇತ್ತು. ಕೇಳಿದರೆ ತೆರಿಗೆ, ಅದರ ಮೇಲೆ ‘ಸೌಲಭ್ಯ ಶುಲ್ಕ’. ಯಾವ ಸೌಲಭ್ಯ ಅಂದರೆ ವೈಫೈ ಮತ್ತು ಎರಡು ಬಾಟಲಿ ನೀರು. ರೂಮಿನ ಕಿಟಕಿ ತೆಗೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ರಾತ್ರಿಯಿಡೀ ಸೈರನ್. ಬುಕ್ ಮಾಡುವಾಗ ಕೊನೆಯ ಪುಟದ ತನಕ ಹೋಗಿ ಒಟ್ಟು ಮೊತ್ತ ನೋಡಿಕೊಳ್ಳಿ, ಅದಕ್ಕೂ ಮೊದಲು ಕಾಣುವ ಯಾವ ಅಂಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಮಗಳ ಮನೆ ಫ್ರೀಮಾಂಟ್‌ನಲ್ಲಿ. ಅಲ್ಲಿಂದ ಬಾರ್ಟ್ ರೈಲಿನ ಆರೆಂಜ್ ಲೈನ್ ಹಿಡಿದರೆ ನೇರ ಓಕ್‌ಲ್ಯಾಂಡ್‌ನ 12ನೇ ಬೀದಿ ನಿಲ್ದಾಣ. ಅಲ್ಲಿಂದ ಅಲಮೇಡಾ ಹತ್ತಿರ. ಅಂದರೆ ಆ ರೂಮು ಬೇಕೇ ಇರಲಿಲ್ಲ. ಇದು ಗೊತ್ತಾಗಿದ್ದು ಆಮೇಲೆ.

ಈಗ ಬಸ್ಸಿನ ವಿಷಯ. ಅಲಮೇಡಾ ಒಂದು ದ್ವೀಪ, ಓಕ್‌ಲ್ಯಾಂಡ್‌ನಿಂದ ಬಸ್ಸು ನೀರಿನ ಕೆಳಗಿನ ಸುರಂಗದಲ್ಲಿ ಹೋಗುತ್ತದೆ. ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು. ವೆಬ್‌ಸ್ಟರ್ ಸ್ಟ್ರೀಟ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು, 12 ನಿಮಿಷದಲ್ಲಿ ಬರುತ್ತದೆ ಅಂತ ಫೋನು ತೋರಿಸಿತು. ಆ 12 ನಿಮಿಷ 8 ಆಯಿತು, 3 ಆಯಿತು, ಮತ್ತೆ 20 ಆಯಿತು. 55 ನಿಮಿಷ ನಿಂತೆವು. ನನ್ನ ಹೆಂಡತಿಗೆ ಮೊಣಕಾಲು ನೋವು, ಕೂರಲು ಒಂದು ಕಟ್ಟೆಯೂ ಇಲ್ಲ. ಜುಲೈ ತಿಂಗಳು ಅಂತ ಸ್ವೆಟರ್ ತಂದಿರಲಿಲ್ಲ, ಕೊಲ್ಲಿಯ ಕಡೆಯಿಂದ ಬೀಸುವ ಗಾಳಿ ಮೈ ಕೊರೆಯುತ್ತಿತ್ತು. ಕೊನೆಗೆ ಬೇರೆ ಮಾರ್ಗದ ಡ್ರೈವರ್ ಒಬ್ಬರು ಬಸ್ಸು ನಿಲ್ಲಿಸಿ, ನೀವು ಕಾಯುತ್ತಿರುವ ಬಸ್ಸು ಶನಿವಾರ ಓಡುವುದೇ ಇಲ್ಲ ಅಂದರು. ಕಂಬದ ಮೇಲೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಅದು ಸಣ್ಣ ಅಕ್ಷರದಲ್ಲಿ ಇತ್ತು. ಫೋನು ಹೇಳಿದ್ದನ್ನು ನಂಬದೆ ಕಂಬ ಓದಿ. ಇನ್ನೂ ಒಳ್ಳೆಯದು ಅಂದರೆ ಬಾರ್ಟ್ ನಿಲ್ದಾಣದಿಂದಲೇ ಟ್ಯಾಕ್ಸಿ ಮಾಡಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರಂತೂ ಇದರಲ್ಲಿ ಎರಡು ಮಾತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಬರುವವರಿಗೆ ಫೆರಿ ದೋಣಿಯೂ ಇದೆ, ಆದರೆ ಅಲಮೇಡಾದಲ್ಲಿ ದೋಣಿ ನಿಲ್ಲುವ ಜಾಗ ಒಂದಕ್ಕಿಂತ ಜಾಸ್ತಿ. ಹಡಗಿಗೆ ಹತ್ತಿರ ಇರುವುದು ಸೀಪ್ಲೇನ್ ಲಗೂನ್. ನಿಮ್ಮ ದಿನ ಅಲ್ಲಿಗೆ ದೋಣಿ ಇದೆಯಾ ಅಂತ ನೋಡಿಕೊಂಡು ಹೊರಡಿ.

ಬಸ್ಸು ತಪ್ಪಿದ್ದರಿಂದ ಒಂದು ಒಳ್ಳೆಯದಾಯಿತು. ಚಳಿಗೆ ಒಳಗೆ ಹೋಗೋಣ ಅಂತ ಅದೇ ರಸ್ತೆಯ ಒಂದು ಸಣ್ಣ ಮೆಕ್ಸಿಕನ್ ಅಂಗಡಿಗೆ ನುಗ್ಗಿದೆವು. ಐದು ಮೇಜು, ಅಷ್ಟೇ. ಗಂಡ ಅಡುಗೆ, ಹೆಂಡತಿ ಗಲ್ಲಾ. ನಾವು ಸಸ್ಯಾಹಾರಿಗಳು. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ: ಮೆಕ್ಸಿಕನ್ ಅಡುಗೆಯಲ್ಲಿ ಅರೆದು ಹುರಿದ ಬೀನ್ಸ್ ಕಾಳಿಗೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. ‘ವೆಜ್’ ಅಂದರೆ ಸಾಲದು, ಇವೆರಡನ್ನೂ ಬಿಡಿಸಿ ಕೇಳಬೇಕು. ಆ ಹೆಂಗಸು ನನ್ನ ಹೆಂಡತಿಯನ್ನು ಒಳಗೆ ಕರೆದು ಪಾತ್ರೆಯ ಮುಚ್ಚಳ ತೆಗೆದೇ ತೋರಿಸಿದರು. ಕರಿ ಕಾಳು ಬರೀ ನೀರು, ಉಪ್ಪು, ಬೆಳ್ಳುಳ್ಳಿಯಲ್ಲಿ ಬೆಂದಿದ್ದು. ಅನ್ನದಲ್ಲಿ ಟೊಮೆಟೊ, ಎಣ್ಣೆ. ಬರಿಟೊ ಅಂದರೆ ನಮ್ಮ ಮೊಳಕೈಯಷ್ಟು ದಪ್ಪ, ಒಂದನ್ನು ಇಬ್ಬರೂ ಹಂಚಿಕೊಂಡರೂ ಮುಗಿಯಲಿಲ್ಲ. ಜೊತೆಗೆ ಎರಡು ಬಗೆಯ ಚಟ್ನಿ. ಹಸಿರು ಚಟ್ನಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ ಬಿದ್ದಿತ್ತು. ಮೂರು ವಾರ ಉಪ್ಪು ಖಾರ ಇಲ್ಲದ ಊಟ ಮಾಡಿದ ನಾಲಿಗೆಗೆ ಅದು ಊರಿನ ರುಚಿಯೇ. ಇನ್ನೊಂದು ಬಟ್ಟಲು ಕೇಳಿದೆವು, ದುಡ್ಡು ತೆಗೆದುಕೊಳ್ಳಲಿಲ್ಲ. ಎಲ್ಲ ಸೇರಿ 14 ಡಾಲರ್. ಹಡಗಿನ ಹತ್ತಿರ ಊಟದ ಜಾಗ ಹುಡುಕುವ ಬದಲು ಈ ರಸ್ತೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋಗಿ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ ಕೂಡ ಆಗಲಿಲ್ಲ. ಹಳೆಯ ನೌಕಾ ವಿಮಾನ ನೆಲೆಯ ಜಾಗ ಅದು, 1997ರಲ್ಲಿ ಮುಚ್ಚಿದ್ದು. ದೊಡ್ಡ ದೊಡ್ಡ ಹ್ಯಾಂಗರ್‌ಗಳು, ಖಾಲಿ ರಸ್ತೆ. ಕೊನೆಗೆ ನೀರಿನ ಅಂಚಿನಲ್ಲಿ ಬೂದು ಬಣ್ಣದ ಗೋಡೆ ಎದ್ದು ನಿಂತ ಹಾಗೆ ಹಡಗು. ಉದ್ದ ಸುಮಾರು 890 ಅಡಿ.

ನಾನು ಎಚ್‌ಎಎಲ್‌ನಲ್ಲಿ 33 ವರ್ಷ ಶೀಟ್ ಮೆಟಲ್ ಮತ್ತು ರಿವೆಟಿಂಗ್, ಅಂದರೆ ವಿಮಾನದ ತಗಡುಗಳನ್ನು ಮೊಳೆ ಬಡಿದು ಜೋಡಿಸುವ ಕೆಲಸ ಮಾಡಿದವನು. ಹಾಗಾಗಿ ನಾನು ನೋಡಿದ್ದು, ಬೇರೆಯವರು ನೋಡುವುದು ಒಂದೇ ಆಗಿರಲಿಕ್ಕಿಲ್ಲ. ಜನ ಈ ಹಡಗಿಗೆ ಬರುವುದು ಚಂದ್ರನಿಗಾಗಿ. 1969ರ ಜುಲೈ 24ರಂದು ಚಂದ್ರನಿಗೆ ಹೋಗಿ ಬಂದ ಅಪೋಲೋ 11ರ ಮೂವರು ಗಗನಯಾತ್ರಿಗಳು ಪೆಸಿಫಿಕ್ ಸಾಗರಕ್ಕೆ ಬಿದ್ದಾಗ ಅವರನ್ನು ಹೆಲಿಕಾಪ್ಟರಿನಲ್ಲಿ ತಂದು ಇಳಿಸಿದ್ದು ಈ ಹಡಗಿನ ಮೇಲೆ. ಅದೇ ವರ್ಷ ನವೆಂಬರ್‌ನಲ್ಲಿ ಅಪೋಲೋ 12ರವರನ್ನೂ ಎತ್ತಿಕೊಂಡಿದ್ದು ಇದೇ. ಚಂದ್ರನಿಂದ ಏನಾದರೂ ರೋಗಾಣು ತಂದಿದ್ದರೆ ಅಂತ ಭಯ, ಅದಕ್ಕೆ ಅಪೋಲೋ 11ರ ಮೂವರನ್ನೂ ಮುಚ್ಚಿದ ಉಡುಪಿನಲ್ಲೇ ನಡೆಸಿ ಒಂದು ಟ್ರೇಲರ್ ಒಳಗೆ ಕೂಡಿಹಾಕಿದರು. ಅವರು ನಡೆದ ಹೆಜ್ಜೆಗಳನ್ನು ಹ್ಯಾಂಗರ್ ಡೆಕ್ಕಿನ (ವಿಮಾನ ನಿಲ್ಲಿಸುವ ಒಳಗಿನ ಅಂತಸ್ತು) ನೆಲದ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ನನ್ನ ಹೆಂಡತಿ ಚಪ್ಪಲಿ ಬಿಟ್ಟು ಆ ಹೆಜ್ಜೆಯ ಪಕ್ಕ ನಿಂತಳು. ಅಲ್ಲಿರುವ ಟ್ರೇಲರ್ ಅಪೋಲೋ 14ರವರು ಬಳಸಿದ್ದು, ಅದೇ ಬಗೆಯದು. ಅಲ್ಲಿಟ್ಟಿರುವ ಹೆಲಿಕಾಪ್ಟರಿಗೂ, ಅವರನ್ನು ಎತ್ತಿ ತಂದ ಹೆಲಿಕಾಪ್ಟರಿನ 66 ಅನ್ನುವ ನಂಬರನ್ನೇ ಬರೆದಿದ್ದಾರೆ, ಆದರೆ ಆ ಅಸಲಿ ಹೆಲಿಕಾಪ್ಟರ್ 1975ರಲ್ಲೇ ಸಮುದ್ರಕ್ಕೆ ಬಿದ್ದು ಹೋಯಿತು. ಇದನ್ನು ನಮಗೆ ಬಿಡಿಸಿ ಹೇಳಿದ್ದು ಅಲ್ಲಿನ ಒಬ್ಬ ಸ್ವಯಂಸೇವಕರು. ಅಸಲಿ ಅಂತ ಸುಮ್ನೆ ಹೇಳಿಬಿಡಬಹುದಿತ್ತು, ಯಾರು ಕೇಳುತ್ತಿದ್ದರು? ಹಾಗೆ ಮಾಡಲಿಲ್ಲ. ಅಲ್ಲಿಂದಲೇ ಆ ಜನರ ಮೇಲೆ ನನಗೆ ಗೌರವ ಶುರುವಾಯಿತು.

ಮೆಟ್ಟಿಲು ತೋರಿಸುವವರು, ಎಂಜಿನ್ ಕೋಣೆಗೆ ಕರೆದುಕೊಂಡು ಹೋಗುವವರು, ಬಣ್ಣ ಕೆರೆಯುವವರು, ವಿಮಾನ ರಿಪೇರಿ ಮಾಡುವವರು, ಇವರೆಲ್ಲ ಬಹಳಷ್ಟು ಮಂದಿ ಸಂಬಳ ಇಲ್ಲದವರು. ತಲೆ ಪೂರ್ತಿ ಬಿಳಿಯಾದವರು. ಕೆಲವರು ನೌಕಾಪಡೆಯಲ್ಲಿದ್ದವರು, ಇನ್ನು ಕೆಲವರು ಹಡಗು ಹತ್ತಿದ್ದೇ ಇಲ್ಲಿ ಬಂದ ಮೇಲೆ. ಒಂದು ಸಣ್ಣ ಕೋಣೆಯಲ್ಲಿ ಸದ್ದು ಕೇಳಿ ಇಣುಕಿದೆ. ಮಾಸ್ಕ್ ಹಾಕಿಕೊಂಡ ಇಬ್ಬರು ನೀಡಲ್ ಗನ್ ಹಿಡಿದು ಗೋಡೆಯ ಹಳೆ ಬಣ್ಣ ಉದುರಿಸುತ್ತಿದ್ದರು. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಅದಕ್ಕೆ ಮಾಸ್ಕ್. ನನ್ನನ್ನು ಕಂಡು ನಿಲ್ಲಿಸಿದರು. ಅವರಲ್ಲಿ ಹಿರಿಯರಿಗೆ ಎಂಬತ್ತರ ಹತ್ತಿರ ಇರಬಹುದು. ಮೇಲಿನ ಹಾರಾಟದ ಡೆಕ್ಕು ಉಕ್ಕಿನ ಮೇಲೆ ಮರದ ಹಲಗೆ ಹಾಸಿದ್ದು, ಹಲಗೆ ಸಂದಿಯಿಂದ ಮಳೆನೀರು ಇಳಿದರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಮೂರು ಕೋಣೆ ಆಚೆ ತೊಟ್ಟಿಕ್ಕುತ್ತದೆ ಅಂದರು. ನಮ್ಮ ಹಳೆ ಮನೆಯ ತಾರಸಿ ಸೋರಿದ ಹಾಗೆಯೇ. ತುಕ್ಕು ಕೆರೆದು, ಪ್ರೈಮರ್ ಹೊಡೆದು, ಬಣ್ಣ ಹಚ್ಚುವುದು ಸುಲಭ, ನೀರಿನ ದಾರಿ ಹುಡುಕುವುದೇ ಕೆಲಸ ಅಂದರು. ಒಂದು ವಾಲ್ವ್ ತೋರಿಸಿ, ಇದನ್ನು ಗುಜರಿಗೆ ಹೋಗುತ್ತಿದ್ದ ಬೇರೆ ಹಡಗಿನಿಂದ ಬಿಚ್ಚಿ ತಂದಿದ್ದು ಅಂತಲೂ ಹೇಳಿದರು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲವಲ್ಲ.

ಈ ಹಡಗೇ ಗುಜರಿಗೆ ಹೋಗಬೇಕಿತ್ತು. 1943ರಲ್ಲಿ ಸೇವೆಗೆ ಸೇರಿ, ಪೆಸಿಫಿಕ್ ಯುದ್ಧದಲ್ಲಿ ಹೋರಾಡಿ, ಒಂದು ಬಾಂಬನ್ನೂ ಟಾರ್ಪೆಡೊವನ್ನೂ ಮೈಮೇಲೆ ಹಾಕಿಸಿಕೊಳ್ಳದೆ ಉಳಿದದ್ದು. 1945ರ ಜೂನ್‌ನಲ್ಲಿ ಚಂಡಮಾರುತ ಮಾತ್ರ ಮುಂದಿನ ಡೆಕ್ಕನ್ನು ಮುರಿದು ಹಾಕಿತು. 1970ರಲ್ಲಿ ನಿವೃತ್ತಿ, 1993ರಲ್ಲಿ ಗುಜರಿಗೆ ಮಾರಾಟ. ಅಲ್ಲಿಂದ ಜನ ಹೋರಾಡಿ ಬಿಡಿಸಿಕೊಂಡರು, 1998ರಲ್ಲಿ ಮ್ಯೂಸಿಯಂ ಆಯಿತು. ಎಸೆಕ್ಸ್ ದರ್ಜೆಯ ಇಂಥ ಹಡಗು 24 ಕಟ್ಟಿದ್ದರು, ಉಳಿದಿರುವುದು ನಾಲ್ಕು.

ಇದನ್ನು ಕೇಳುತ್ತಾ ನನಗೆ ನಮ್ಮ ಹಳೆಯ ವಿಮಾನವಾಹಕ ನೌಕೆ ವಿಕ್ರಾಂತ್ ನೆನಪಾಗಿ ಗಂಟಲು ಕಟ್ಟಿತು. 2004ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಬಿಸಿಲಲ್ಲಿ ಸಾಲು ನಿಂತು ಮಗಳಿಗೆ ಅದನ್ನು ತೋರಿಸಿದ್ದೆ, ಅವಳಿಗೆ ಆಗ ಹನ್ನೊಂದು. 1971ರಲ್ಲಿ ಅದರ ಮೇಲಿಂದಲೇ ಸೀ ಹಾಕ್ ವಿಮಾನಗಳು ಹಾರಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು. 2012ರಲ್ಲಿ ಜನರಿಗೆ ಮುಚ್ಚಿದರು, 2014ರಲ್ಲಿ ಒಡೆಯಲು ಶುರು ಮಾಡಿದರು. ನಮ್ಮಲ್ಲಿ ನಿವೃತ್ತ ಫಿಟ್ಟರ್‌ಗಳು, ವೆಲ್ಡರ್‌ಗಳು, ಪೇಂಟರ್‌ಗಳು ಕಡಿಮೆ ಇದ್ದಾರಾ? ಭಾನುವಾರ ಬನ್ನಿ, ತುಕ್ಕು ಉದುರಿಸುವ ಚಿಪ್ಪಿಂಗ್ ಸುತ್ತಿಗೆ ನಾವು ಕೊಡುತ್ತೇವೆ ಅಂತ ಯಾರಾದರೂ ಕರೆದಿದ್ದರೆ ನಾನೇ ರೈಲು ಹತ್ತಿ ಹೋಗುತ್ತಿದ್ದೆ. ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಆಗಿರುವ ಚಪಲ್ ಯುದ್ಧನೌಕೆ ಇದೆಯಲ್ಲ, ಉತ್ತರ ಕನ್ನಡದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ. ಅಲ್ಲಿಯೂ ಇದೇ ಉಪ್ಪುಗಾಳಿ.

ಇನ್ನು ಕೆಲವು ಮಾತು. ಗಟ್ಟಿ ಶೂ ಹಾಕಿಕೊಳ್ಳಿ, ಸೀರೆ ಉಟ್ಟು ಹೋಗಬೇಡಿ. ಮೆಟ್ಟಿಲು ಅನ್ನುವುದು ಹೆಸರಿಗೆ, ಅದು ಏಣಿಯೇ. ಇಳಿಯುವಾಗ ಕಂಬಿ ಹಿಡಿದು ಹಿಂದಕ್ಕೆ ತಿರುಗಿ ಇಳಿಯಬೇಕು. ಪ್ರತಿ ಬಾಗಿಲಿಗೂ ಮೊಣಕಾಲುದ್ದ ಹೊಸ್ತಿಲು ಇದೆ. ಹೊಸ್ತಿಲು ತುಳಿಯಬಾರದು ಅಂತ ಮನೆಯಲ್ಲಿ ಕಲಿತವರಿಗೆ ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ದಾಟಿಯೇ ಹೋಗಿ. ಎಂಜಿನ್ ಕೋಣೆಗೆ ಸ್ವಯಂಸೇವಕರ ಜೊತೆ ಹೋಗುವ ಟೂರ್ ಇದೆ, ಎಂಟು ಬಾಯ್ಲರು, ನಾಲ್ಕು ಟರ್ಬೈನು, ಒಂದೂವರೆ ಲಕ್ಷ ಕುದುರೆ ಶಕ್ತಿ. ಯಂತ್ರ ಇಷ್ಟಪಡುವವರು ಬಿಡಬೇಡಿ. ಮೊಣಕಾಲು ನೋವಿನವರು ಹ್ಯಾಂಗರ್ ಡೆಕ್ಕಿನಲ್ಲೇ ಇರಲಿ, ನನ್ನ ಹೆಂಡತಿ ಅಲ್ಲೇ ಎರಡು ಗಂಟೆ ಸಂತೋಷವಾಗಿ ಕಳೆದಳು. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ತೆರೆದ ದಿನವೆಲ್ಲ ರಿಪೇರಿ ಕೆಲಸವೂ ನಡೆಯುವುದಿಲ್ಲ. ಫೋನ್ ಮಾಡಿ, ಕೆಲಸಗಾರರು ಯಾವ ದಿನ ಇರುತ್ತಾರೆ ಅಂತ ಕೇಳಿ ಆ ದಿನವೇ ಹೋಗಿ. ಬೇ ಏರಿಯಾದಲ್ಲೇ ಇರುವ ನಮ್ಮ ಹುಡುಗರು ಸೇರಿಕೊಳ್ಳಬಹುದು, ಅನುಭವ ಇಲ್ಲದವರಿಗೂ ಕಲಿಸುತ್ತಾರೆ.

ಇನ್ನೊಂದು ದಿನ ಸಮಯ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೆಮಿಯಾ ಓ’ಬ್ರಯನ್ ನೋಡಿ. ಯುದ್ಧಕಾಲದ ಸರಕು ಹಡಗು, ಅದರ ಹಬೆ ಎಂಜಿನ್ ಇಂದಿಗೂ ಓಡುತ್ತದೆ, ಅದನ್ನೂ ಸ್ವಯಂಸೇವಕರೇ ಓಡಿಸುವುದು. 1994ರಲ್ಲಿ ಬಹುಪಾಲು ಮುದುಕರೇ ಸೇರಿ ಅದನ್ನು ಫ್ರಾನ್ಸಿನ ನಾರ್ಮಂಡಿ ತನಕ ನಡೆಸಿಕೊಂಡು ಹೋಗಿ ಬಂದರು. 2020ರ ಮೇ ತಿಂಗಳಲ್ಲಿ ಪಕ್ಕದ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದೋಣಿ ನೀರು ಹಾಯಿಸಿ ಉಳಿಸಿತು. ಆಮೇಲೆ ಜಾಗ ಬದಲಾಗಿದೆ, ಹಳೆಯ ಪುಸ್ತಕ ನೋಡಿಕೊಂಡು ಪಿಯರ್ 45ಕ್ಕೆ ಹೋಗಬೇಡಿ.

ಹಾರ್ನೆಟ್‌ನಲ್ಲಿ ಕೊನೆಗೆ ನಾನು ಹೋಗಿ ನಿಂತಿದ್ದು ವಿಮಾನ ರಿಪೇರಿಯ ಮೂಲೆಯಲ್ಲಿ. ಒಂದು ರೆಕ್ಕೆಯ ತಗಡು ಬಿಚ್ಚುತ್ತಿದ್ದರು. ಅಲ್ಯುಮಿನಿಯಂ ಕೊಳೆತರೆ ಬಿಳಿ ಪುಡಿ ಬರುತ್ತದೆ, ಅದು ದೂರದಿಂದಲೇ ಕಾಣುತ್ತಿತ್ತು. ನನ್ನ ಇಂಗ್ಲಿಷ್ ಅವರಿಗೆ, ಅವರದ್ದು ನನಗೆ ಅರ್ಧ ಅರ್ಥ. ಆದರೆ ಕ್ಲೆಕೊ (ರಿವೆಟ್ ಹೊಡೆಯುವ ತನಕ ತಗಡುಗಳನ್ನು ಹಿಡಿದಿಡುವ ಪಿನ್ನು), ಬಕ್ಕಿಂಗ್ ಬಾರ್ (ರಿವೆಟ್ ಹೊಡೆಯುವಾಗ ಹಿಂದೆ ಒತ್ತಿ ಹಿಡಿಯುವ ಲೋಹದ ತುಂಡು) ಅಂದ ತಕ್ಷಣ ಆ ವ್ಯಕ್ತಿ ಕೈಲಿದ್ದ ಡ್ರಿಲ್ ಕೆಳಗಿಟ್ಟರು. ಯಾವ ವಿಮಾನ ಅಂತ ಕೇಳಿದರು. ನಮ್ಮ ತರಬೇತಿ ವಿಮಾನ ಕಿರಣ್ ಅಂದೆ, ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಬೆಂಚಿನ ಮೇಲೆ ಪರೀಕ್ಷೆಗೆ ಇಟ್ಟ ಎರಡು ತಗಡಿನ ಪಟ್ಟಿ ಇತ್ತು. ಗನ್ ಅವರು ಹಿಡಿದರು, ಹಿಂದೆ ಬಾರ್ ನನ್ನ ಕೈಗೆ ಕೊಟ್ಟರು. ಹೀಗೆ ಗನ್ನು, ಬಾರು ಹಿಡಿದು ಮಾಡುವ ರಿವೆಟಿಂಗ್ ಸಾಮಾನ್ಯವಾಗಿ ಇಬ್ಬರ ಕೆಲಸ. ಎಂಟು ವರ್ಷದ ಮೇಲೆ ಆ ಅದುರು ಅಂಗೈಗೆ ಬಂತು. ನಾಲ್ಕು ರಿವೆಟ್ ಹೊಡೆದೆವು. ಅವರು ಪಟ್ಟಿ ತಿರುಗಿಸಿ, ನಾಲ್ಕು ತಲೆಗಳ ಮೇಲೂ ಹೆಬ್ಬೆರಳು ಆಡಿಸಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

ಅದನ್ನು ಬೆಂಗಳೂರಿಗೆ ತಂದಿದ್ದೇನೆ. ಅಂಚು ಚೂಪಾಗಿತ್ತು, ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ ಅಂತ ಮಗಳು ಟವೆಲ್ಲಿನಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯ ತಳಕ್ಕೆ ಇಟ್ಟಳು.