ಎರೆ ಬದಲಾಯಿಸುವ ಮೊದಲು ನೀರಿಗೆ ಬಾಟಲಿ ಇಳಿಸಿ

ಬೆಳಿಗ್ಗೆ ಆರರಿಂದ ಹತ್ತರೊಳಗೆ ಒಂಬತ್ತು ಸಲ ಎರೆ ಬದಲಾಯಿಸಿದ್ದೆ. ಜೀವಂತ ಶೆಟ್ಲಿ (ಸಿಗಡಿ), ಸತ್ತ ಶೆಟ್ಲಿ, ಬಂಗುಡೆ ತುಂಡು, ಬಳಚಿನ (ಚಿಪ್ಪುಮೀನಿನ) ಮಾಂಸ, ಕೊನೆಗೆ ಬೆಂಗಳೂರಿನಿಂದ ತರಿಸಿಟ್ಟಿದ್ದ ರಬ್ಬರ್ ಮೀನು. ಬೆಂಡು ಒಮ್ಮೆಯೂ ಮುಳುಗಲಿಲ್ಲ. ದೋಣಿಯಲ್ಲಿ ಮೂವರು ಅತಿಥಿಗಳು. ದುಡ್ಡು ಕೊಟ್ಟು ಬಂದವರು ನಾಲ್ಕು ತಾಸು ಸುಮ್ಮನೆ ಕೂತರೆ ಆ ಮೌನ ಎಷ್ಟು ಭಾರ ಅನ್ನುವುದು ಈ ಕೆಲಸ ಮಾಡಿದವರಿಗೆ ಗೊತ್ತು.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಜನರನ್ನು ಗಾಳ ಹಾಕಲು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹುಟ್ಟಿದ್ದು ಘಟ್ಟದ ಮೇಲೆ, ಶಿರಸಿ ಕಡೆ. ಹಳ್ಳದಲ್ಲಿ ಎರೆಹುಳ ಸಿಕ್ಕಿಸಿ ಮೀನು ಹಿಡಿದು ಬೆಳೆದವನು. ಹಾಗಾಗಿ ಕರಾವಳಿಗೆ ಇಳಿದಾಗ, ಒಳ್ಳೆಯ ಎರೆ ಇದ್ದರೆ ಎಲ್ಲ ಇದ್ದಂತೆ ಎಂದೇ ನಂಬಿದ್ದೆ. ಮೇಲೆ ಹೇಳಿದ ದಿನ ಬಂದದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷದ ಅಕ್ಟೋಬರಿನಲ್ಲಿ. ಎರಡು ದಿನ ಬಿಟ್ಟೂಬಿಡದೆ ಮಳೆ ಹೊಯ್ದು ಆಗಷ್ಟೇ ಬಿಸಿಲು ಬಿದ್ದಿತ್ತು. ನೀರು ಹಾಲು ಹಾಕದ ಚಹಾದ ಬಣ್ಣ.

ಅತಿಥಿಗಳಲ್ಲಿ ಹಿರಿಯರೊಬ್ಬರಿದ್ದರು, ನಿವೃತ್ತರು. ಹಿಂದೆ ಅನುಮತಿ ಪಡೆದು ನೀಲಗಿರಿಯ ಜಲಾಶಯಗಳಲ್ಲಿ ಟ್ರೌಟ್ ಹಿಡಿದು ಅಭ್ಯಾಸವಿದ್ದವರು. ಹತ್ತನೇ ಸಲ ನಾನು ಎರೆ ಡಬ್ಬಿಗೆ ಕೈ ಹಾಕಿದಾಗ ಮೆಲ್ಲಗೆ ಕೇಳಿದರು: "ನೀವು ಆಗಿನಿಂದ ತಿಂಡಿ ಬದಲಾಯಿಸುತ್ತಾ ಇದ್ದೀರಿ. ಉಣ್ಣುವವರು ಈ ಮನೆಯಲ್ಲಿ ಇದ್ದಾರೋ ಇಲ್ಲವೋ ನೋಡಿದಿರಾ?"

ನನಗೆ ಅರ್ಥವಾಗಲಿಲ್ಲ. ಅವರು ಚೀಲದಿಂದ ಒಂದು ಥರ್ಮಾಮೀಟರ್ ತೆಗೆದರು. ಅದಕ್ಕೆ ಉದ್ದ ದಾರ, ದಾರಕ್ಕೆ ಮೀಟರಿಗೊಂದು ಗಂಟು. ಬೆಟ್ಟದ ಕೆರೆಗೆ ಹೋದರೆ ಗಾಳಕ್ಕಿಂತ ಮೊದಲು ನೀರಿಗೆ ಇಳಿಯುವುದು ಇದೇ ಅಂದರು. ಟ್ರೌಟ್ ತಣ್ಣೀರಿನ ಮೀನು. 10ರಿಂದ 16 ಡಿಗ್ರಿಯ ನೀರಿನಲ್ಲಿ ಚುರುಕಾಗಿ ತಿನ್ನುತ್ತದೆ, 20 ದಾಟಿದರೆ ಬಾಯಿ ಕಟ್ಟುತ್ತದೆ. ತಣ್ಣೀರು ಆಮ್ಲಜನಕವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ: ಸಮುದ್ರಮಟ್ಟದ ಲೆಕ್ಕದಲ್ಲಿ 10 ಡಿಗ್ರಿಗೆ ಲೀಟರಿಗೆ ಸುಮಾರು 11 ಮಿಲಿಗ್ರಾಂ, 25 ಡಿಗ್ರಿಗೆ 8ರ ಆಸುಪಾಸು. ಬೇಸಿಗೆಯಲ್ಲಿ ಆಳವಾದ ಕೆರೆಯ ನೀರು ಪದರಾಗಿ ನಿಲ್ಲುತ್ತದೆ. ಬಿಸಿ ನೀರು ಹಗುರ, ಮೇಲೆ. ತಣ್ಣೀರು ಭಾರ, ಕೆಳಗೆ. ಹಾಗಂತ ಮೀನು ತೀರಾ ತಳಕ್ಕೂ ಹೋಗುವುದಿಲ್ಲ, ಅಲ್ಲಿ ಕೊಳೆತ ಎಲೆಕಸ ಆಮ್ಲಜನಕವನ್ನು ತಿಂದು ಮುಗಿಸಿರುತ್ತದೆ. ತಂಪೂ ಉಸಿರೂ ಎರಡೂ ಇರುವ ನಡುವಿನ ಪದರದಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ದಡದ ಹತ್ತಿರ ಬರುವ ಅದೇ ಮೀನು ಮಧ್ಯಾಹ್ನಕ್ಕೆ ಆಳದಲ್ಲಿ. ಅದನ್ನು ತಿಳಿಯದೆ ಮೇಲುನೀರಿನಲ್ಲಿ ಎಷ್ಟೇ ಒಳ್ಳೆಯ ಹುಳ ತೇಲಿಬಿಟ್ಟರೂ ವ್ಯರ್ಥ.

ಎರೆಯ ವಿಷಯ ಅವರು ಕೊನೆಗೆ ಹೇಳಿದರು. ಮಳೆ ಬಂದು ಕೆರೆಗೆ ತೊರೆ ಸೇರುವ ಜಾಗದಲ್ಲಿ ನೀರು ಬಗ್ಗಡವಾದರೆ ಎರೆಹುಳ, ಏಕೆಂದರೆ ಆ ಹೊತ್ತಿಗೆ ತೊರೆಯೇ ಹುಳ ಹೊತ್ತು ತರುತ್ತಿರುತ್ತದೆ. ಬಿಸಿಲೇರಿ ಗಾಳಿ ಬೀಸುವಾಗ ಮಿಡತೆ, ಅದೂ ಗಾಳಿ ಹೋಗಿ ಬಡಿಯುವ ದಡದಲ್ಲಿ. ಸಾಕಣೆ ಕೇಂದ್ರದಿಂದ ತಂದು ಬಿಟ್ಟ ಮರಿಗಳಾದರೆ ಹಿಟ್ಟಿನ ಉಂಡೆಗೂ ಬಾಯಿ ಹಾಕುತ್ತವೆ, ಆಹಾರದ ಗುಳಿಗೆ ತಿಂದೇ ಬೆಳೆದವು ತಾನೆ. ನೀಲಗಿರಿಯ ಅವಲಾಂಚಿಯಲ್ಲಿ ಟ್ರೌಟ್ ಮರಿ ಮಾಡುವ ಕೇಂದ್ರ ಶುರುವಾದದ್ದೇ 1907ರಲ್ಲಂತೆ. ನೀರು ತಿಳಿಯಾಗಿದ್ದರೆ ದಾರ ಸಪೂರ, ಗಾಳ ಸಣ್ಣದು.

ಹುಟ್ಟು ಹಿಡಿದು ಹಿಂದೆ ಕೂತಿದ್ದ ನಮ್ಮ ದೋಣಿಯ ಮಾವ ಎಲ್ಲವನ್ನೂ ಕೇಳುತ್ತಿದ್ದರು. ಅರವತ್ತು ದಾಟಿದ ಅಂಬಿಗರು, ನಾನು ನಡೆಯಲು ಕಲಿಯುವ ಮೊದಲೇ ಈ ಹೊಳೆಯಲ್ಲಿ ಪಾತಿ ದೋಣಿ ನಡೆಸಿದವರು. ಬೊಗಸೆಯಲ್ಲಿ ನೀರು ಎತ್ತಿ ಬಾಯಿಗೆ ಹಾಕಿ ಉಗುಳಿದರು. "ತಮಾ, ಮೇಲಿನ ನೀರು ಪೂರಾ ಸಪ್ಪೆ ಅದೆ. ಅಡಿ ನೀರು ಹಾಂಗಿಲ್ಲ, ಬೇರೆನೇ ಅದೆ."

"ಮೊದಲೇ ಯಾಕೆ ಹೇಳಲಿಲ್ಲ ಮಾವ?" ಅಂದೆ.

"ನೀನು ಕೇಳ್ಲಿಲ್ಲಲ."

ಹೌದು, ಕೇಳಿರಲಿಲ್ಲ. ಎರಡು ವರ್ಷ ಒಂದೇ ದೋಣಿಯಲ್ಲಿ ಕೂತು, ಅವರನ್ನು ಹುಟ್ಟು ಹಾಕುವವರು ಎಂದಷ್ಟೇ ಲೆಕ್ಕ ಹಾಕಿದ್ದೆ. ಇದನ್ನು ಬರೆಯುವಾಗ ಈಗಲೂ ಮನಸ್ಸು ಕುಗ್ಗುತ್ತದೆ.

ಅವರು ದೋಣಿಯಲ್ಲಿದ್ದ ಖಾಲಿ ಗಾಜಿನ ಬಾಟಲಿಯ ಬುಡಕ್ಕೆ ಕಲ್ಲು ಕಟ್ಟಿದರು, ಕುತ್ತಿಗೆಗೆ ಒಂದು ದಾರ, ಬಿರಡೆಗೆ ಬೇರೆಯೇ ಒಂದು ದಾರ. ತಳ ಮುಟ್ಟುವವರೆಗೆ ಇಳಿಸಿ, ಬಿರಡೆಯ ದಾರವನ್ನು ಜಗ್ಗಿದರು. ಗುಳುಗುಳು ಗುಳ್ಳೆ ಬಂತು. ಮೇಲೆತ್ತಿ ನನ್ನ ಕೈಗೆ ಕೊಟ್ಟರು. ನಾಲಿಗೆಗೆ ಇಟ್ಟೆ, ಉಪ್ಪು! ಬರೀ ನಾಲ್ಕು ಮೀಟರಿನ ಆಳದಲ್ಲಿ ಎರಡು ಹೊಳೆ ಒಂದರ ಮೇಲೊಂದು ಹರಿಯುತ್ತಿದ್ದವು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆ ಕಾರಣಕ್ಕೆ ಅದು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಮಳೆನೀರು ಹೊಳೆಯಲ್ಲಿ ಇಳಿದು ಬರುವಾಗ ಭರತದ (ಸಮುದ್ರ ಉಕ್ಕುವ ಹೊತ್ತಿನ) ನೀರು ಅದರ ಜೊತೆ ಕೂಡಲೇ ಬೆರೆಯುವುದಿಲ್ಲ, ಅಡಿಯಿಂದ ಬೆಣೆಯಂತೆ ಒಳಗೆ ನುಗ್ಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತ ಎರಡನ್ನೂ ಕಲಕಿ ಒಂದು ಮಾಡುತ್ತದೆ. ಅಷ್ಟಮಿಯ ಹೊತ್ತಿನ ಸಣ್ಣ ಭರತಕ್ಕೆ ಆ ಶಕ್ತಿ ಸಾಲದು, ಪದರು ಹಾಗೇ ಉಳಿಯುತ್ತದೆ. ಅಂದು ಅಷ್ಟಮಿಯ ಮರುದಿನ. ಬೆಟ್ಟದ ಕೆರೆಯಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತಿತ್ತು. ನಾನು ಬೆಳಗಿನಿಂದ ಒಂದು ಮೀಟರ್ ಆಳಕ್ಕೆ, ಸಿಹಿನೀರಿನಲ್ಲೇ, ಬೆಂಡು ಕಟ್ಟಿ ಎರೆ ತೂಗಿಸಿದ್ದೆ.

ನೋಗ್ಲಿ (ತೆಂಕಣದವರು ಕಾಣೆ ಅನ್ನುತ್ತಾರೆ) ಉಪ್ಪುನೀರಿನ ಜೊತೆಗೇ ಒಳಗೆ ಬಂದು ಜೊತೆಗೇ ಹಿಂದೆ ಸರಿಯುತ್ತದೆ. ಕೆಂಬೇರಿ ಸಿಹಿನೀರನ್ನೂ ತಾಳಿಕೊಳ್ಳುವ ಗಟ್ಟಿ ಮೀನು, ಆದರೆ ಅದರ ಊಟವಾದ ಏಡಿ, ಶೆಟ್ಲಿ ಅಡಿಗೆ ಸರಿದ ಮೇಲೆ ಅದಕ್ಕೆ ಮೇಲೆ ಏನು ಕೆಲಸ? ಬೆಂಡು ಬಿಚ್ಚಿ ಎಸೆದೆವು. ದೊಡ್ಡ ಸೀಸದ ಗುಂಡು ಕಟ್ಟಿ ಬಂಗುಡೆ ತುಂಡನ್ನು ತಳಕ್ಕೆ ಬಿಟ್ಟೆವು. ಕೆಸರುನೀರಿನಲ್ಲಿ ಕಣ್ಣು ಕೆಲಸ ಮಾಡದು, ಮೂಗಿಗೆ ತಾಗುವ ಎಣ್ಣೆಯಂಶದ ಎರೆ ಬೇಕು. ಭರತ ತುಂಬಿ ನಿಂತು ಇಳಿತಕ್ಕೆ ತಿರುಗುವ ಹೊತ್ತಿಗೆ ಹಿರಿಯರ ಗಾಳದ ಕೋಲು ಬಾಗಿತು. ಒಂದೂವರೆ ಕಿಲೋ ಹತ್ತಿರದ ಕೆಂಬೇರಿ. ಆಮೇಲೆ ಎರಡು ನೋಗ್ಲಿ. ಅಷ್ಟೇ, ದೋಣಿ ತುಂಬಲಿಲ್ಲ. ಮೊದಲ ನಾಲ್ಕು ತಾಸಿನ ದುಡ್ಡನ್ನು ನಾನು ವಾಪಸ್ ಕೊಟ್ಟೆ, ಅದು ನನ್ನ ತಪ್ಪಿನ ಹೊತ್ತು.

ಈಗ ನನ್ನ ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಯಾರ ಅಪ್ಪಣೆಗೂ ಕಾಯದೆ ತದಡಿಗೆ ಬರುವ ಹೊಳೆ. ಕಾಳಿ ಹೊಳೆಯಲ್ಲಾದರೆ ಕದ್ರಾ ಅಣೆಕಟ್ಟಿನಲ್ಲಿ ನೀರು ಬಿಟ್ಟರೋ ಇಲ್ಲವೋ ಎಂದು ವಿಚಾರಿಸಬೇಕು. ಇಲ್ಲಿ ಘಟ್ಟದ ಮೇಲಿನ ಆಕಾಶವನ್ನು ವಿಚಾರಿಸಿದರೆ ಸಾಕು. ಅಕ್ಕನನ್ನು ಸಿದ್ದಾಪುರಕ್ಕೆ ಕೊಟ್ಟಿದೆ, ಅವಳಿಗೆ ಫೋನ್ ಮಾಡುತ್ತೇನೆ. "ಸಂಜೆಯಿಂದ ಹೊಡೀತಾ ಅದೆ, ಹಳ್ಳ ಕೆಂಪಾಗದೆ" ಅಂದರೆ ಸೀಸದ ಗುಂಡು, ಬಂಗುಡೆ, ತಾರ್ಲೆ ಚೀಲಕ್ಕೆ ಹೋಗುತ್ತವೆ. ನಾಲ್ಕು ದಿನದಿಂದ ಒಣ ಹವೆ ಅಂದರೆ ಜೀವಂತ ಶೆಟ್ಲಿ. ಅದನ್ನು ಬಾಲದ ಹತ್ತಿರ ಚುಚ್ಚಬೇಕು, ತಲೆಯೊಳಗಿನ ಕಪ್ಪು ಚುಕ್ಕೆಗೆ ಗಾಳ ತಾಗಿದರೆ ಆ ಕ್ಷಣವೇ ಸಾಯುತ್ತದೆ. ನೋಗ್ಲಿಯ ಬಾಯಿ ಸಣ್ಣದು, ಅದಕ್ಕೆ ಬಳಚಿನ ಚೂರು ಸಾಕು.

ಜಾಗವೂ ಎರೆಯನ್ನು ಹೇಳುತ್ತದೆ. ಇಳಿತದಲ್ಲಿ ಗಜನಿಯ (ಹೊಳೆದಂಡೆಯ ಉಪ್ಪುನೀರಿನ ಗದ್ದೆಯ) ಹಲಗೆ ಬಾಗಿಲಿನಿಂದ ನೀರು ಹೊರಬೀಳುವಾಗ ಅದರ ಜೊತೆ ಶೆಟ್ಲಿಯೂ ಕೊಚ್ಚಿ ಬರುತ್ತದೆ, ಮೀನು ಬಾಗಿಲ ಹೊರಗೆ ಬಾಯಿ ತೆರೆದು ನಿಂತಿರುತ್ತದೆ. ಅಲ್ಲಿ ಬಂಗುಡೆ ಹಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಬದಿಯಲ್ಲಿ ಭರತ ಏರುವಾಗ ಸಣ್ಣ ಏಡಿ. ಆದರೆ ಅಲ್ಲಿ ಸಿಗುವ ಕೆಂಬೇರಿ ಹೆಚ್ಚಾಗಿ ಮರಿ. ಅವು ಕಾಂಡ್ಲಾ ನೆರಳಲ್ಲಿ ಬೆಳೆದು, ಮೊಟ್ಟೆಯಿಡಲು ಹೊರಸಮುದ್ರಕ್ಕೆ ಹೋಗಬೇಕಾದವು. ಅಂಗೈಯಗಲದ್ದನ್ನು ಬಿಟ್ಟುಬಿಡಿ ಎಂದು ಅತಿಥಿಗಳಿಗೆ ಹೊರಡುವ ಮೊದಲೇ ಹೇಳುತ್ತೇನೆ. ಒಪ್ಪದಿದ್ದರೆ ಆ ಬದಿಗೆ ದೋಣಿ ತಿರುಗಿಸುವುದಿಲ್ಲ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಾವನಂಥವರು ಪಟ್ಟಿಗೆ ಮೊದಲೂ ಮರಿ ಹಿಡಿಯುತ್ತಿರಲಿಲ್ಲ.

ಹಿರಿಯರು ಹೋಗುವಾಗ ಥರ್ಮಾಮೀಟರನ್ನು ನನಗೇ ಕೊಟ್ಟರು. ಇಲ್ಲಿ ಅದರ ಉಪಯೋಗ ಕಡಿಮೆ, ಮೇಲೂ ಕೆಳಗೂ ಒಂದೆರಡು ಡಿಗ್ರಿಯ ಅಂತರ. ಆದರೂ ಬಾಟಲಿ ಇಳಿಸಿದಾಗಲೆಲ್ಲ ಅದನ್ನೂ ಇಳಿಸಿ, ತಿಥಿ, ಭರತದ ಹೊತ್ತು, ನೀರಿನ ರುಚಿ, ಸಿಕ್ಕ ಮೀನು ಎಲ್ಲ ನೋಟ್‌ಬುಕ್ಕಿಗೆ ಬರೆಯುತ್ತೇನೆ. ರುಚಿಯ ಕಾಲಮ್ಮನ್ನು ಮಾತ್ರ ಮಾವ ಹೇಳಿದಂತೆಯೇ ತುಂಬುತ್ತೇನೆ. ಸಪ್ಪೆ, ಅರೆ ಉಪ್ಪು, ಉಪ್ಪು, ಕಟು ಉಪ್ಪು ಎಂದು ಅವರ ನಾಲಿಗೆ ನಾಲ್ಕು ಬಗೆ ಗುರುತಿಸುತ್ತದೆ, ನನ್ನದು ಇನ್ನೂ ಎರಡೇ.